ಚಿರತೆ ಕಚ್ಚಿದ ಬಂದೂಕು

ಮನುಷ್ಯ ಮಣ್ಣಾಗಿ ಹೋದ ಮೇಲೂ ಅವನು ಜೀವಮಾನವೆಲ್ಲ ಹಿಡಿದ ಕಟ್ಟಿಗೆಯಲ್ಲಿ ಅವನ ಕೈಯ ಸಾರ ಉಳಿದಿರುತ್ತದೆ. ನನ್ನ ಇಡೀ ವೃತ್ತಿಜೀವನದ ತಿರುಳೇ ಇದು ಎಂದು ಗಂಭೀರವಾಗಿ ಹೇಳಬಲ್ಲೆ. ಆ ಸಾರವನ್ನು ಬಟ್ಟೆಯಿಂದ ಒರೆಸಿ ಮೂಸಿ ನೋಡಿದರೆ ಅದು ಹೆಚ್ಚಾಗಿ ಶೇಂಗಾ ಎಣ್ಣೆ.

ಜಹೀರಾಬಾದಿನಲ್ಲಿ ಲೈಸೆನ್ಸ್ ಪಡೆದ ಬಂದೂಕು ರಿಪೇರಿ ಅಂಗಡಿಯೊಂದರಲ್ಲಿ ನಾನು ಮಿಸ್ತ್ರಿಯಾಗಿದ್ದೆ. ಸೇರಿದಾಗ ನನಗೆ ಮೀಸೆ ಇರಲಿಲ್ಲ, ಬಿಟ್ಟಾಗ ಅದು ಬೆಳ್ಳಗಾಗಿತ್ತು. ನಡುವೆ ಸಿಕ್ಕ ಬಡ್ತಿ ಎಂದರೆ ಬಾಗಿಲ ಪಕ್ಕದ ಸ್ಟೂಲಿನಿಂದ ಕಿಟಕಿ ಪಕ್ಕದ ಸ್ಟೂಲಿಗೆ ಹೋದದ್ದು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬಂದವರು ಈಗಲೂ ನನ್ನ ಫೋನಿಗೆ ಹಳೆಯ ಬಂದೂಕುಗಳ ಫೋಟೋ ಕಳಿಸಿ ‘ಅಂಕಲ್, ಕುಂದಾ ಒರಿಜಿನಲ್ಲಾ?’ ಎಂದು ಕೇಳುತ್ತಾರೆ. ಫೋಟೋ ನೋಡಿ ಹೆಣ್ಣು ಒಪ್ಪಬಹುದು, ಕುಂದಾ ಒಪ್ಪಲಾಗದು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕುಂದಾ ಎಂದರೆ ಬಂದೂಕಿನ ಕಟ್ಟಿಗೆಯ ಭಾಗ. ಭುಜಕ್ಕೆ ಆನಿಸುವುದು, ಕೆನ್ನೆಗೆ ತಾಗುವುದು, ಕೈ ಹಿಡಿಯುವುದು ಎಲ್ಲ ಅದೇ. ಬೆಳಗಾವಿಯವರು ಅದೇ ಹೆಸರಿನಲ್ಲಿ ಸಿಹಿ ಮಾಡುತ್ತಾರಂತೆ. ಅದಕ್ಕೂ ನಮಗೂ ಸಂಬಂಧವಿಲ್ಲ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ವಿಲಾಯತಿ ಶಿಕಾರಿ ರೈಫಲ್‌ಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಬೇಟೆ ಕಾನೂನಿನಿಂದ ನಿಂತುಹೋಗಿ ಯಾವುದೋ ಕಾಲವಾಯಿತು. ಈಗ ಅವುಗಳ ಕೆಲಸ ದಸರೆಯಲ್ಲಿ ಪೂಜೆ ಮಾಡಿಸಿಕೊಳ್ಳುವುದು, ಚುನಾವಣೆ ಬಂದಾಗ ಠಾಣೆಗೆ ಹೋಗಿ ಕೂತು ಬರುವುದು. ನಳಿಗೆ ಉಕ್ಕಿನದು, ನೂರು ವರ್ಷ ತಾಳುತ್ತದೆ. ಕುಂದಾ ಒಡೆಯುತ್ತದೆ, ಗೆದ್ದಲು ಹಿಡಿಯುತ್ತದೆ, ಎತ್ತಿನ ಬಂಡಿಯಿಂದ ಬೀಳುತ್ತದೆ. ಆಗ ಊರಿನ ಬಡಿಗ ಸಾಗವಾನಿಯಲ್ಲಿ ಇನ್ನೊಂದು ಕೆತ್ತಿ ಕೊಡುತ್ತಾನೆ. ಮೊಮ್ಮಕ್ಕಳ ಕಾಲಕ್ಕೆ ಯಾವುದು ಮೂಲದ್ದು ಯಾವುದು ಬಡಿಗನದು ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲದ ವಿಷಯದ ಮೇಲೆ ಜಗಳ ಚೆನ್ನಾಗಿ ನಡೆಯುತ್ತದೆ.

ನನಗೆ ಕೆಲಸ ಕಲಿಸಿದವರು ಅಂಗಡಿಯ ಮಾಲಕರಾದ ಮೌಲಾಸಾಬ್ ಉಸ್ತಾದರು. ಅವರು ಬಂದೂಕನ್ನು ಮೊದಲು ಕಣ್ಣಿಂದ ನೋಡುತ್ತಿರಲಿಲ್ಲ, ಮೂಗಿನಿಂದ ನೋಡುತ್ತಿದ್ದರು. ಆಮೇಲೆ ಕಟ್ಟಿಗೆ ಮತ್ತು ಲೋಹ ಕೂಡುವ ಗೆರೆಯ ಮೇಲೆ ಹೆಬ್ಬೆರಳಿನ ಉಗುರು ಎಳೆಯುತ್ತಿದ್ದರು. ಕಾರ್ಖಾನೆಯಲ್ಲಿ ಕೂರಿಸಿದ ಲೋಹ ಕಟ್ಟಿಗೆಯೊಳಗೆ ತಾನೇ ಬೆಳೆದಂತೆ ಇರುತ್ತದೆ. ಉಗುರಿಗೆ ಎಡೆ ಸಿಗುವುದಿಲ್ಲ. ಹಾಗೆ ಕೂರಿಸಲು ಹಳೆಯ ಕೆಲಸಗಾರರು ಲೋಹಕ್ಕೆ ದೀಪದ ಮಸಿ ಹಚ್ಚಿ ಒತ್ತಿ, ಮಸಿ ತಾಗಿದಲ್ಲಿ ಮಾತ್ರ ಉಳಿಯಿಂದ ಕೆರೆದು, ಮತ್ತೆ ಹಚ್ಚಿ ಮತ್ತೆ ಒತ್ತುತ್ತಿದ್ದರು. ಊರ ಬಡಿಗನಿಗೆ ಅಷ್ಟು ಪುರುಸೊತ್ತಿಲ್ಲ, ಅವನು ಮಧ್ಯಾಹ್ನದೊಳಗೆ ಕೂರಿಗೆಯನ್ನೂ ಮುಗಿಸಿ ಕೊಡಬೇಕು. ಉಗುರಿನ ನಂತರ ಉಸ್ತಾದರು ತಿರುಪುಗಳ ತಲೆ ನೋಡುತ್ತಿದ್ದರು: ಸೀಳು ಕಿತ್ತುಹೋಗಿದ್ದರೆ ಯಾರೋ ಬಿಚ್ಚಿದ್ದಾರೆ ಎಂದರ್ಥ. ಕೊನೆಗೆ ಬಿಚ್ಚಿ, ನಳಿಗೆ ಮಲಗುವ ತೋಡಿನಲ್ಲಿ ನಂಬರು ಹುಡುಕುವುದು. ನಳಿಗೆಯ ಮೇಲಿನ ನಂಬರೇ ಕಟ್ಟಿಗೆಯ ಒಳಗೂ ಇದ್ದರೆ ಇಬ್ಬರೂ ಒಟ್ಟಿಗೆ ಹುಟ್ಟಿದವರು.

ಇಷ್ಟು ಕಲಿಯಲು ವರ್ಷಗಳು ಬೇಕು. ಆದರೆ ಉಸ್ತಾದರು ನನಗೆ ಕಲಿಸಿದ ಅತಿ ಕಷ್ಟದ ಪಾಠ ಬೇರೆ. ನಮ್ಮ ಅಂಗಡಿಗೆ ಬಂದ ಪ್ರತಿ ಹಳೆಯ ರೈಫಲ್ ತನ್ನ ಜೊತೆ ಒಂದು ಹುಲಿಯನ್ನೋ ಚಿರತೆಯನ್ನೋ ತಂದೇ ತರುತ್ತಿತ್ತು. ಗಿರಾಕಿ ಕುಂದಾದ ಮೇಲಿನ ಗಾಯ ತೋರಿಸಿ, ನಮ್ಮಜ್ಜ ಗುಂಡು ಮುಗಿದಾಗ ಇದನ್ನೇ ಅದರ ಬಾಯಿಗೆ ಕೊಟ್ಟ ಎನ್ನುತ್ತಿದ್ದ. ಇವರೆಲ್ಲರ ಅಜ್ಜಂದಿರನ್ನು ನಂಬಿದರೆ ಮಂಜೀರಾ ದಂಡೆಯ ಚಿರತೆಗಳು ಮಾಂಸ ಬಿಟ್ಟು ವಿಲಾಯತಿ ಕುಂದಾಗಳ ಅಕ್ರೋಟ್ ಕಟ್ಟಿಗೆಯ ಮೇಲೇ ಬದುಕಿದ್ದವು. ಒಮ್ಮೆ ನಾನು ಗಿರಾಕಿಯ ಎದುರೇ ಬಾಯಿ ತೆರೆಯುವವನಿದ್ದೆ. ಉಸ್ತಾದರು ಮೇಜಿನ ಕೆಳಗಿಂದ ನನ್ನ ಕಾಲು ತುಳಿದರು.

“ನಕ್ಕೋ ಸಂಗಪ್ಪ, ಬ್ಯಾಡ,” ಎಂದರು ಆಮೇಲೆ. “ಕುಂದಾದ ಬಗ್ಗೆ ಕೇಳಿದ್ರ ಕುಂದಾದ ಬಗ್ಗೆ ಹೇಳು. ಅವರ ಅಜ್ಜನ ಬಗ್ಗೆ ನಿನಗ ಯಾರ್ ಕೇಳ್ಯಾರ?”

ಉಸ್ತಾದರೂ ಎಡವುತ್ತಿದ್ದರು. ಅದನ್ನು ಹೇಳದಿದ್ದರೆ ಅವರನ್ನು ದೇವರು ಮಾಡಿದ ಹಾಗಾಗುತ್ತದೆ, ಅದು ಅವರ ಮತಕ್ಕೂ ಒಪ್ಪದು. ನಾರಾಯಣಖೇಡದ ಒಬ್ಬ ಹಿರಿಯ ಗೌಡರು ತಮ್ಮ ರೈಫಲ್ ನೋಡಲು ನಮ್ಮಿಬ್ಬರನ್ನು ಮನೆಗೆ ಕರೆಸಿದ್ದರು. ಕುಂದಾದ ಮೇಲೆ, ಕೈ ಹಿಡಿಯುವಲ್ಲಿಂದ ಸ್ವಲ್ಪ ಮುಂದೆ, ಮೂರು ಮಾಸಲು ಪಟ್ಟೆಗಳಿದ್ದವು. ಉಸ್ತಾದರು ಕನ್ನಡಕ ಏರಿಸಿ, ಇಳಿಸಿ, ಚಹಾ ಕುಡಿದು ತೀರ್ಪು ಕೊಟ್ಟರು: ಇದು ತುಂಡು ತುಂಡು ಕಟ್ಟಿಗೆ ಜೋಡಿಸಿ ಮಾಡಿದ ಕುಂದಾ, ಪಟ್ಟೆಗಳು ಅಂಟಿನ ಜಾಗ. ನಾನೂ ಪಕ್ಕದಲ್ಲಿ ನಿಂತು ವಿದ್ವಾಂಸನಂತೆ ತಲೆಯಾಡಿಸಿದೆ. ಗೌಡರು ತಮ್ಮ ಬಲಗೈಯ ಮೂರು ಬೆರಳನ್ನು ಆ ಪಟ್ಟೆಗಳ ಮೇಲೆ ಇಟ್ಟರು. ಅಳತೆ ತೆಗೆದು ಮಾಡಿಸಿದ ಹಾಗೆ ಕೂತವು. ತಲೆಮಾರುಗಳ ದಸರೆಯಲ್ಲಿ ಆ ಮನೆಯವರು ಬಂದೂಕಿಗೆ ಅದೇ ಜಾಗದಲ್ಲಿ ವಿಭೂತಿ ಹಚ್ಚಿದ್ದರು. ಬೂದಿ ಎಣ್ಣೆಯನ್ನು ತಿಂದು ಕಟ್ಟಿಗೆಯ ಬಣ್ಣವನ್ನೇ ಬದಲಿಸಿತ್ತು.

ಅದೇ ಮೂರು ಗೆರೆ ಹಣೆಗೆ ಹಚ್ಚಿಕೊಂಡೇ ನಾನು ಅಲ್ಲಿ ನಿಂತಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ಉಸ್ತಾದರು ಬಹಳ ಹೊತ್ತು ನನ್ನ ಮುಖ ನೋಡಿದರು. “ನಿನ್ನ ಹಣಿ ದಿನಾ ನೋಡ್ತೀನಿ,” ಎಂದರು. “ಬಂದೂಕಿಗೂ ಹಣಿ ಇರ್ತದಂತ ಒಂದ್ ಮಾತು ಹೇಳಬಾರದೇನೋ?”

ಉಸ್ತಾದರು ತೀರಿಕೊಂಡ ಮೇಲೆ ಅವರ ಮಗ ಅಂಗಡಿ ನಡೆಸಿದ. ಕಿಟಕಿ ಬಳಿ ದೊಡ್ಡ ಭೂತಗನ್ನಡಿ ಬಂತು, ನಳಿಗೆಯೊಳಗೆ ಇಣುಕುವ ಸಣ್ಣ ಕ್ಯಾಮೆರಾ ಬಂತು. ಒಳ್ಳೆಯವೇ. ಆದರೆ ಅವುಗಳಿಗೆ ಮೂಗಿಲ್ಲ. ನಾನು ಕೆಲಸ ಬಿಡುವ ಕೊನೆಯ ವರ್ಷ ಕಲ್ಹೇರದ ಪ್ರಕರಣ ಬಂದದ್ದರಿಂದ ಇದನ್ನು ಖಂಡಿತವಾಗಿ ಹೇಳಬಲ್ಲೆ.

ಕಲ್ಹೇರದ ಶಂಕ್ರಪ್ಪನವರು ಹೊಲಮನೆ ಇದ್ದ ಲಿಂಗಾಯತ ರೈತರು. ಇಬ್ಬರು ಗಂಡುಮಕ್ಕಳು. ಹಿರಿಯ ವೀರಭದ್ರಪ್ಪ ಊರಲ್ಲೇ ಒಕ್ಕಲುತನ ನೋಡಿಕೊಂಡಿದ್ದ. ಕಿರಿಯ ಮಲ್ಲಿಕಾರ್ಜುನ ತಾಂಡೂರಿನಲ್ಲಿ ಶಹಾಬಾದಿ ಕಲ್ಲಿನ ಪಾಲಿಶ್ ಕಾರ್ಖಾನೆ ಹಾಕಿದ್ದ. ಶಂಕ್ರಪ್ಪನವರು ಕೊನೆಗಾಲದಲ್ಲಿ ಕಾಯಿಲೆಯಾಗಿ ಹೆಂಡತಿ ಗುರಮ್ಮನ ಜೊತೆ ಕಿರಿಯ ಮಗನ ಮನೆಯಲ್ಲಿದ್ದರು, ರೈಫಲ್ ಕೂಡ ಅಲ್ಲೇ ಇತ್ತು. ಅವರು ಹೋದ ಮೇಲೆ ಗುರಮ್ಮ ಕಲ್ಹೇರಕ್ಕೆ ಮರಳಿದರು. ರೈಫಲ್ ಕಾನೂನಿನ ಪ್ರಕಾರ ನಮ್ಮ ಅಂಗಡಿಯ ಕಬ್ಬಿಣದ ಕಪಾಟಿಗೆ ಬಂತು. ಲೈಸೆನ್ಸ್ ತನ್ನ ಹೆಸರಿಗೆ ಆಗಲೆಂದು ಮಲ್ಲಿಕಾರ್ಜುನ ಅರ್ಜಿ ಹಾಕಿದ. ಅದಕ್ಕೆ ಅಣ್ಣ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಬೇಕು. ಹಾಕದಿದ್ದರೆ ಬಂದೂಕು ಸರಕಾರಕ್ಕೆ ಜಮಾ. ಜಮಾ ಆದವುಗಳನ್ನು ಕಡೆಗೆ ಕತ್ತರಿಸಿ ಗುಜರಿ ಮಾಡುತ್ತಾರೆ. ಅಂಥ ಒಂದು ರಾಶಿಯನ್ನು ನಾನು ನೋಡಿದ್ದೇನೆ. ಮತ್ತೊಮ್ಮೆ ನೋಡುವ ಆಸೆ ಇರಲಿಲ್ಲ.

ಸಹಿ ಹಾಕುವ ಮೊದಲು ಒಂದು ಸಲ ಅಪ್ಪನ ಬಂದೂಕು ನೋಡುತ್ತೇನೆಂದು ವೀರಭದ್ರಪ್ಪ ಅಂಗಡಿಗೆ ಬಂದ. ಕಪಾಟಿನಿಂದ ತೆಗೆದು ಕೊಟ್ಟೆ. ಅವನು ಅದನ್ನು ಕೈಯಲ್ಲಿ ತಿರುಗಿಸಿ, ಮತ್ತೆ ತಿರುಗಿಸಿ, ಮೇಜಿನ ಮೇಲಿಟ್ಟು, ಕಾಗದವನ್ನು ಜೇಬಿಗೆ ಹಾಕಿಕೊಂಡು ಹೋದ. ಇದು ಅಪ್ಪನ ಕುಂದಾ ಅಲ್ಲ ಎಂಬುದು ಅವನ ವಾದ. ಅಪ್ಪನದು ಕಪ್ಪಗಿತ್ತು, ಇದು ಜೇನಿನ ಬಣ್ಣ. ಎಲ್ಲಕ್ಕಿಂತ ಮುಖ್ಯವಾಗಿ, ಅಪ್ಪನ ಕುಂದಾದ ಮೇಲೆ ಚಿರತೆ ಕಚ್ಚಿದ ಗುರುತಿತ್ತು; ಇದರಲ್ಲಿ ಕನ್ನಡಿಯ ಹಾಗೆ ಮುಖ ಕಾಣುತ್ತಿತ್ತು. ಮಲ್ಲಿಕಾರ್ಜುನ ಹಳೆಯ ಕುಂದಾವನ್ನು ಹೈದರಾಬಾದಿನ ಯಾವನೋ ಶೋಕಿಯವನಿಗೆ ಕೊಟ್ಟು ಫರ್ನಿಚರ್ ಅಂಗಡಿಯ ಕುಂದಾ ಹಾಕಿಸಿದ್ದಾನೆ ಎಂದು ಊರೆಲ್ಲ ಹೇಳಿದ. ತಮ್ಮ ‘ಕುಂದಾ ಅದೇ’ ಎಂದ, ಬೇರೆ ಏನೂ ಹೇಳಲಿಲ್ಲ. ಇಬ್ಬರ ಮಾತು ನಿಂತಿತು. ಒಬ್ಬರ ಮನೆಯ ಸೀಮಂತಕ್ಕೆ ಇನ್ನೊಬ್ಬರು ಹೋಗಲಿಲ್ಲ. ಜಮಾ ಮಾಡಬೇಕಾದ ಗಡುವು ಹತ್ತಿರ ಬಂತು.

ಕೊನೆಗೆ ಗುರಮ್ಮನವರೇ ಇಬ್ಬರನ್ನೂ ಅಂಗಡಿಗೆ ಎಳೆದುಕೊಂಡು ಬಂದರು. ಮಿಸ್ತ್ರಿ ಹೇಳಿದ್ದೇ ಕೊನೆ ಎಂದು ಇಬ್ಬರಿಂದಲೂ ಮಾತು ತೆಗೆದುಕೊಂಡಿದ್ದರಂತೆ. ಅವರು ಸ್ಟೂಲಿನ ಮೇಲೆ ಕೂತರು. ಮಕ್ಕಳು ಅಂಗಡಿಯ ಎರಡು ಗೋಡೆ ಹಿಡಿದು ನಿಂತರು.

“ಮಿಸ್ತ್ರಿಯವರೇ, ನಳಿಗಿ ನಮ್ಮಪ್ಪಂದು ಅದ, ಒಪ್ಪತೀನಿ,” ಎಂದ ವೀರಭದ್ರಪ್ಪ. “ಕುಂದಾ ಯಾರದೋ. ಅರ್ಧಾ ಅಪ್ಪನ್ನ ಮನ್ಯಾಗಿಟ್ಟು ಏನ್ ಮಾಡೂದ್ರಿ? ಅದಕಿಂತ ಪೂರಾ ಹೋಗ್ಲಿ.”

ನಾನು ಉಸ್ತಾದರ ಕ್ರಮದಲ್ಲೇ ಹೊರಟೆ. ಮೂಸಿದೆ. ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ರೈಫಲ್ ಕಲ್ಯಾಣಮಂಟಪದ ನೆಲದ ವಾಸನೆ ಹೊಡೆಯುತ್ತಿತ್ತು. ಉಗುರು ಎಳೆದೆ. ಕೂಡಿಕೆ ಬಿಗಿಯಾಗಿತ್ತು, ಆದರೆ ಸುತ್ತಲೂ ಕಟ್ಟಿಗೆ ಲೋಹಕ್ಕಿಂತ ಒಂದು ಎಳೆ ತಗ್ಗಿತ್ತು. ಮಳೆಗೆ ಮಣ್ಣು ಕೊಚ್ಚಿಹೋಗಿ ಬದುವಿನ ಕಲ್ಲು ಮೇಲೆದ್ದಂತೆ ಲೋಹ ಎದ್ದಿತ್ತು. ಹೊಸ ಕುಂದಾ ಮಾಡುವವನು ಯಾವತ್ತೂ ಕಟ್ಟಿಗೆಯನ್ನು ಎತ್ತರ ಬಿಟ್ಟು ಆಮೇಲೆ ಉಜ್ಜಿ ಸಮ ಮಾಡುತ್ತಾನೆ. ಎಲ್ಲ ಕಡೆ ತಗ್ಗಾಗಿದೆ ಎಂದರೆ ಹಳೆಯದನ್ನೇ ಯಾರೋ ಚೆನ್ನಾಗಿ ತಿಕ್ಕಿದ್ದಾರೆ. ತಿರುಪುಗಳ ತಲೆ ನೋಡಿದೆ. ಸೀಳು ಕಿತ್ತಿರಲಿಲ್ಲ, ಬಿಚ್ಚಿದ ಗುರುತೇ ಇಲ್ಲ. ಸೀಳಿನೊಳಗೆ ಬೂದು ಬಣ್ಣದ ಪುಡಿ ಒಣಗಿ ಕೂತಿತ್ತು. ಸೂಜಿಯಿಂದ ತೆಗೆದು ಅಂಗೈ ಮೇಲಿಟ್ಟುಕೊಂಡೆ. ನಮ್ಮ ಮನೆಯ ಅಡುಗೆಮನೆಗೆ ಬಂಡೆ ಹಾಸಿದಾಗ ವಾರಗಟ್ಟಲೆ ಗುಡಿಸಿದ ಪುಡಿ ಅದು.

ನಾನು ಮಲ್ಲಿಕಾರ್ಜುನನ ಕಡೆ ನೋಡಿದೆ. ಅವನು ರಸ್ತೆಯ ಕಡೆ ನೋಡಿದ. ತಾಂಡೂರಿನ ಪಾಲಿಶ್‌ನವರ ಕಷ್ಟ ಬೇರೆಯವರಿಗೆ ತಿಳಿಯುವುದಿಲ್ಲ. ಮಂಕಾದ ಮೈ ಕಂಡರೆ ಅವರಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಕಾಯಿಲೆ ಬಿದ್ದ ಅಪ್ಪನಿಗೆ ದಸರೆಯ ದಿನ ಬಂದೂಕು ಹೊಳೆಯುತ್ತಿರಲಿ ಎಂದು ಈತ ಅದಕ್ಕೆ ಬಂಡೆಗೆ ಮಾಡುವ ಉಪಚಾರವನ್ನೆಲ್ಲ ಮಾಡಿದ್ದ.

ತಿರುಪು ಬಿಚ್ಚಿ ನಳಿಗೆಯನ್ನು ಎತ್ತಿದೆ. ತೋಡಿನಲ್ಲಿ ನಂಬರಿತ್ತು, ನಳಿಗೆಯ ನಂಬರೇ. ವೀರಭದ್ರಪ್ಪ ಬಗ್ಗಿ ನೋಡಿದ, ನಂಬರು ಯಾರು ಬೇಕಾದರೂ ಹೊಡೆಸಬಹುದು ಎಂದ. ಅದೂ ನಿಜವೇ. ಆಗ ಭೂತಗನ್ನಡಿ ಬದಿಗಿಟ್ಟು, ತೋಡಿನ ಅಂಚನ್ನು ಬೆಳಕಿಗೆ ಹಿಡಿದು ನಾನು ನಾರಾಯಣಖೇಡದ ಗೌಡರನ್ನು ನೆನೆದೆ. ಹೊರಗಿನ ಮೈಯಲ್ಲಿ ಏನೂ ಉಳಿದಿರಲಿಲ್ಲ. ಒಳಗೆ, ಪಾಲಿಶ್ ಕಲ್ಲು ಮುಟ್ಟಲಾರದ ಕಡೆ, ಅಂಚಿನಿಂದ ಇಳಿದು ಗಟ್ಟಿಯಾದ ಮೂರು ಬಿಳಿ ಗೆರೆಗಳಿದ್ದವು. ಎಣ್ಣೆ ಕುಡಿದ ವಿಭೂತಿ, ಪದರದ ಮೇಲೆ ಪದರ.

“ನಿಮ್ಮಪ್ಪನವರು ವಿಭೂತಿ ಎಲ್ಲಿ ಹಚ್ಚತಿದ್ದರು?” ಎಂದು ಕೇಳಿದೆ.

ವೀರಭದ್ರಪ್ಪ ಕೈ ಚಾಚಿ ತೋರಿಸಲು ಹೋದ. ಅವನ ಬೆರಳುಗಳು ಆ ಮೂರು ಗೆರೆಗಳ ನೇರಕ್ಕೇ ಬಂದು ನಿಂತವು. ಅವನು ಚಪ್ಪಲಿ ಕಳಚಿ ಹಿಂದಕ್ಕೆ ಸರಿಸಿದ, ಗೆರೆಯನ್ನು ಮುಟ್ಟಿ ಬೆರಳನ್ನು ಹಣೆಗೆ ಒತ್ತಿಕೊಂಡ. ಕೆಲಸ ಮುಗಿಯಿತು ಎಂದು ನಾನು ತಿರುಪು ಕೈಗೆತ್ತಿಕೊಂಡೆ. ಇಷ್ಟು ವರ್ಷದ ಅನುಭವವಿದ್ದೂ ಅಷ್ಟು ಬೇಗ ಎತ್ತಿಕೊಳ್ಳಬಾರದಿತ್ತು.

“ಕುಂದಾ ಅಪ್ಪಂದೇ,” ಎಂದ ಅವನು, ತಮ್ಮನಿಗಲ್ಲ, ನನಗೆ. “ಹಂಗಾರ ಚಿರತಿ ಹಲ್ಲು ಎಲ್ಲಿಗಿ ಹೋದ್ವು?”

ಮಲ್ಲಿಕಾರ್ಜುನ ಗೋಡೆಯಿಂದ ಬೆನ್ನು ತೆಗೆದ. “ನಾನೇ ತಿಕ್ಕೀನಿ, ಅಣ್ಣಾ,” ಎಂದ. “ಅಪ್ಪಗ ಛಂದ ಕಾಣ್ಲಿ ಅಂತ ಹಿಡದಿದ್ದೆ. ತಿಕ್ಕಿ ಮುಗದ ಮ್ಯಾಲ ಹಲ್ಲು ನೆನಪಾತು. ಹೆಂಗ್ ಹೇಳ್ಲಿ?”

ಮಾರಿದ್ದಾನೆ ಎಂಬ ಸಿಟ್ಟು ಹೋದರೆ ಅಣ್ಣ ಕರಗುತ್ತಾನೆ ಎಂದುಕೊಂಡಿದ್ದೆ. ಅವನು ಇನ್ನಷ್ಟು ಗಟ್ಟಿಯಾದ. ಮಾರಿದ್ದರೂ ಚೆನ್ನಾಗಿತ್ತು, ಎಲ್ಲೋ ಒಂದು ಮನೆಯಲ್ಲಿ ಅಪ್ಪನ ಚಿರತೆ ಇರುತ್ತಿತ್ತು ಎಂದ. ಸಣ್ಣವನಿದ್ದಾಗ ಆ ಗುಳಿಗಳಲ್ಲಿ ಬೆರಳಿಟ್ಟು ಕಥೆ ಕೇಳುತ್ತಿದ್ದನಂತೆ. ಈಗ ಮೊಮ್ಮಗನ ಬೆರಳು ಎಲ್ಲಿಡಿಸಲಿ ಎಂದ. ಅವನೇ ತಂದಿಟ್ಟ ಒಪ್ಪಿಗೆ ಕಾಗದ ಮೇಜಿನ ಮೇಲಿತ್ತು. ಅದನ್ನು ಎತ್ತಿ ನಾಲ್ಕು ಮಡಿಕೆ ಮಾಡತೊಡಗಿದ.

ಇಲ್ಲಿ ನನ್ನದೊಂದು ಸಂಕಟ ಹೇಳಬೇಕು. ಬೆಲ್ಟು ಸಿಕ್ಕಿಸುವ ಕಬ್ಬಿಣದ ಬಳೆಗೆ ಕಡೆ ಎನ್ನುತ್ತೇವೆ; ಆ ಕಡೆಯ ಹಿಂದೆ, ಪಾಲಿಶ್ ಕಲ್ಲು ಹೋಗದ ಸಂದಿಯಲ್ಲಿ, ಹಳೆಯ ಗಾಯ ಚೂರು ಉಳಿದಿದ್ದನ್ನು ನಾನು ಆಗಲೇ ನೋಡಿದ್ದೆ. ಜೋಡಿ ಜೋಡಿಯಾದ ಸಣ್ಣ ಗೆರೆಗಳು, ಒಂದೊಂದೂ ಬೆಂಕಿಕಡ್ಡಿಯ ಅಗಲ. ಅದು ಚಿರತೆಯೇ ಆಗಿದ್ದರೆ ಬಾಗಿಲ ಕೆಳಗಿನ ಸಂದಿಯಿಂದ ಒಳಗೆ ಬಂದ ಚಿರತೆ. ಆದರೆ ನನ್ನನ್ನು ಯಾರೂ ಕೇಳಿರಲಿಲ್ಲ. ಮೇಜಿನ ಕೆಳಗೆ ಉಸ್ತಾದರ ಕಾಲು ಇನ್ನೂ ಇದ್ದ ಹಾಗಿತ್ತು.

“ಆ ಕಡೀ ಹಿಂದ ನೋಡ್ರಿ ಮಿಸ್ತ್ರಿಯವರೇ, ಉಳದಿರ್ಬೇಕು,” ಎಂದರು ಗುರಮ್ಮ, ಕೂತಲ್ಲಿಂದಲೇ.

ಉಳಿದಿದೆ ಎಂದೆ.

“ಚಿರತಿ ಹಲ್ಲು ಅಷ್ಟು ಸಣ್ಣ ಇರ್ತಾವೇನ್ರಿ?”

ನಾನು ಯಾವ ಚಿರತೆಯ ಬಾಯಿಯನ್ನೂ ಹತ್ತಿರದಿಂದ ನೋಡಿಲ್ಲ ಎಂದು ಸತ್ಯವನ್ನೇ ಹೇಳಿದೆ.

“ನಾ ನೋಡೀನಿ ಇದರ ಬಾಯಿ,” ಎಂದರು ಮುದುಕಿ. “ತೊಗರಿ ಚೀಲದ ಖೋಲ್ಯಾಗ ಇತ್ತು. ಬಾಲ ಇಷ್ಟುದ್ದ.” ಗೇಣು ಮಾಡಿ ತೋರಿಸಿದರು.

ಆಮೇಲೆ ಹೇಳಿದ್ದು ಇಷ್ಟು. ಮದುವೆಯಾದ ಹೊಸದರಲ್ಲಿ ಒಂದು ದಸರೆಗೆ ಶಂಕ್ರಪ್ಪನವರು ಕುಂದಾಕ್ಕೆ ಶೇಂಗಾ ಎಣ್ಣೆ ಧಾರಾಳವಾಗಿ ತಿಕ್ಕಿ, ಪೂಜೆಯಾದ ಮೇಲೆ ತೊಗರಿ ತುಂಬಿದ ಕೋಣೆಯಲ್ಲಿ ಇಟ್ಟು ಮರೆತರು. ಇಲಿಗಳು ಮರೆಯಲಿಲ್ಲ. ಗಾಯ ನೋಡಿದ ನೆರೆಯವರು ಇದೇನೆಂದು ಕೇಳಿದಾಗ, ಬಂದೂಕು ಇದ್ದ ಮನುಷ್ಯ ಇಲಿ ಎಂದು ಹೇಗೆ ಹೇಳುತ್ತಾನೆ? ಚಿರತೆ ಎಂದರು. ಸಂಜೆಯೊಳಗೆ ಆ ಚಿರತೆ ಪಕ್ಕದೂರು ಸಿರ್ಗಾಪುರದವರೆಗೆ ಹೋಗಿತ್ತು.

“ಅವರು ಇರೂತನಾ ನಾ ಬಾಯಿ ಬಿಡ್ಲಿಲ್ಲ,” ಎಂದರು ಗುರಮ್ಮ. ಸೆರಗನ್ನು ತಲೆಯ ಮೇಲೆ ಸರಿ ಮಾಡಿಕೊಂಡರು. “ಈಗ ಅವರಿಗಿ ಚಿರತಿ ತಗೊಂಡು ಏನ್ ಆಗಬೇಕಾಗ್ಯದ? ನೀವ್ ಇಬ್ಬರು ಇದ್ದೀರಿ.”

ವೀರಭದ್ರಪ್ಪ ಮಡಿಚಿದ ಕಾಗದ ಹಿಡಿದು ನಿಂತೇ ಇದ್ದ. ಬಹಳ ಯೋಚಿಸಿ, ಕೋರ್ಟಿನಲ್ಲಿ ಕೇಳುವ ಹಾಗೆ ಕೇಳಿದ. “ಅವ್ವಾ, ಸಿರ್ಗಾಪುರದ ಮಂದಿ ಆ ಚಿರತಿ ಕಣ್ಣಾರೆ ನೋಡೀವಿ ಅಂತಿದ್ರಲ್ಲ?”

“ಅವರ ಮನ್ಯಾಗೂ ತೊಗರಿ ಇತ್ತಪಾ.”

ಮೊದಲು ನಕ್ಕವನು ಮಲ್ಲಿಕಾರ್ಜುನ. ನಕ್ಕು ಹೆದರಿ ನಿಲ್ಲಿಸಿದ. ಅಣ್ಣ ನಗಲಿಲ್ಲ. ಆದರೆ ಕುಂದಾವನ್ನು ಎತ್ತಿ, ಅದರಲ್ಲಿ ತನ್ನ ಮುಖ ನೋಡಿ, ಮೀಸೆಯನ್ನು ಒಮ್ಮೆ ಸರಿಪಡಿಸಿಕೊಂಡ. ಆಮೇಲೆ ತಮ್ಮನ ಕಡೆ ತಿರುಗಿ ಅಷ್ಟು ದಿನಗಳ ನಂತರದ ಮೊದಲ ಪ್ರಶ್ನೆ ಕೇಳಿದ.

“ಯಾವ ಪಾಲಿಶ್ ಹಚ್ಚೀದಿ ಇದಕ?”

“ಮದವಿ ಹಾಲಿನ ನೆಲಕ್ಕ ಹಚ್ಚೂದು, ಅಣ್ಣಾ.”

“ನಮ್ಮ ಪಡಸಾಲಿಗಿ ನಡೀತದೇನು?”

ಕಾಗದದ ಮಡಿಕೆಗಳನ್ನು ಮೇಜಿನ ಮೇಲೆ ಅಂಗೈಯಿಂದ ತೀಡಿದ್ದು ಗುರಮ್ಮನವರು. ನಾನು ನಳಿಗೆಯನ್ನು ಮತ್ತೆ ಕೂರಿಸಿದೆ, ಒಳಗಿನ ಮೂರು ಗೆರೆಗಳನ್ನು ಮುಟ್ಟದೆ. ಹೊಸಬರು ಇದನ್ನು ನೆನಪಿಡಬೇಕು: ಸ್ವಚ್ಛ ಮಾಡುವುದು ಒಳ್ಳೆಯ ಗುಣ, ಆದರೆ ಏನು ಎಂದು ತಿಳಿಯುವ ಮೊದಲು ಒರೆಸಬೇಡಿ. ಅಂಗಡಿಯಿಂದ ಕೊಡುವ ಅಭಿಪ್ರಾಯದಲ್ಲಿ ಕುಂದಾ ಮೂಲದ್ದು, ಮೇಲ್ಮೈ ತಿಕ್ಕಲಾಗಿದೆ ಎಂದು ಬರೆದೆ. ವಿಶೇಷ ಗುರುತು ಎಂಬಲ್ಲಿ ‘ಬೆಲ್ಟಿನ ಕಡೆಯ ಹಿಂದೆ ಹಲ್ಲಿನ ಗುರುತು’ ಎಂದು ಬರೆದೆ. ಯಾರ ಹಲ್ಲು ಎಂದು ಅಲ್ಲಿ ಯಾರೂ ಕೇಳಿರಲಿಲ್ಲ.

ಲೈಸೆನ್ಸ್ ಮಲ್ಲಿಕಾರ್ಜುನನ ಹೆಸರಿಗೆ ಆಯಿತು. ರೈಫಲ್ ತಾಂಡೂರಿನಲ್ಲಿದೆ. ದಸರೆಗೆ ವೀರಭದ್ರಪ್ಪ ತಾಯಿಯನ್ನು ಕರೆದುಕೊಂಡು ಅಲ್ಲಿಗೆ ಹೋಗಿ ವಿಭೂತಿ ಹಚ್ಚುತ್ತಾನೆ. ಕಲ್ಹೇರದ ಪಡಸಾಲೆಗೆ ಪಾಲಿಶ್ ಆಗಿದೆ.